ಭಟ್ಟಿಯ ಬಾಯಿಗೆ ಮೆತ್ತಿದ ರಾಗಿ

ತಾಮ್ರ ಬಿಸಿಯಾಗುವಾಗ ಅದಕ್ಕೆ ಅದರದೇ ಒಂದು ವಾಸನೆ ಇರುತ್ತದೆ. ಒಳಗಿನ ನೀರು ಕುದಿಯುವುದಕ್ಕೂ ಮುಂಚೆ, ಪಾತ್ರೆಯ ತಳ ಸುಮ್ಮನೆ ಬೆಚ್ಚಗಾಗುತ್ತಿರುವಾಗ ಬರುವ ವಾಸನೆ ಅದು. ಹಳೆಯ ಕಾಸನ್ನು ಅಂಗೈಯಲ್ಲಿ ಬಹಳ ಹೊತ್ತು ಬಿಗಿಹಿಡಿದು ಆಮೇಲೆ ಕೈ ಮೂಸಿದರೆ ಬರುತ್ತದಲ್ಲ, ಹಾಗೆ. ಹುಣಸೆಹಣ್ಣು ಹಾಕಿ ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಅಮೆರಿಕದಲ್ಲಿ, ಸ್ಯಾನ್ ಡಿಯಾಗೊ ಪಕ್ಕದ ಪೊವೇಯಲ್ಲಿರುವ ನನ್ನ ದೊಡ್ಡ ಮಗಳು ಸುಧಾಳ ಅಡುಗೆಮನೆಯಲ್ಲಿ, ಕಾಫಿ ಮೆಷಿನ್ನಿಗೂ ಮಿಕ್ಸಿಗೂ ನಡುವೆ ಕೂರುವಷ್ಟು ಪುಟ್ಟದೊಂದು ತಾಮ್ರದ ಭಟ್ಟಿಯನ್ನು ಮೊದಲ ಸಲ ಒಲೆಯ ಮೇಲೆ ಇಟ್ಟ ದಿನ ಆ ವಾಸನೆ ಬಂತು ನೋಡಿ, ನಾನು ಪಕ್ಕದಲ್ಲಿದ್ದ ಎತ್ತರದ ಸ್ಟೂಲಿನ ಮೇಲೆ ಹಾಗೇ ಕೂತುಬಿಟ್ಟೆ. ಮೊಮ್ಮಗಳು ಇರಾ ಗಾಬರಿಯಾಗಿ, "ಅಜ್ಜಿ, ಆರ್ ಯು ಓಕೆ?" ಎಂದು ನನ್ನ ಮೊಣಕೈ ಹಿಡಿದಳು. ಏನು ಹೇಳಲಿ ಆ ಕೂಸಿಗೆ? ನಾನು ಆ ಹೊತ್ತಿನಲ್ಲಿ ಅವಳಿಗಿಂತ ಚಿಕ್ಕವಳಾಗಿ, ದೇವನಹಳ್ಳಿಯ ನಮ್ಮ ಹಿತ್ತಲಲ್ಲಿ, ಬೂದಿ ಅಂಟಿದ ಬರಿಗಾಲಲ್ಲಿ ನಿಂತಿದ್ದೆ.

ನಮ್ಮದು ಕೋಟೆಯ ಹಿಂದಿನ ಬೀದಿಯಲ್ಲಿ ಒಂದು ಉದ್ದನೆಯ ಮನೆ. ಜಗಲಿಯಲ್ಲಿ ನಿಂತು ಕೂಗಿದರೆ ಹಿತ್ತಲಿಗೆ ಕೇಳುತ್ತಿರಲಿಲ್ಲ, ಅಷ್ಟು ಉದ್ದ. ಆ ಹಿತ್ತಲು ದೊಡ್ಡಮ್ಮನದು. ದೊಡ್ಡಮ್ಮ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ, ನಂಜಮ್ಮ. ಊರ ಸುತ್ತಲಿನ ಚಕ್ಕೋತದ ತೋಟಗಳ ಅಂಚಿಗೆ ಆಗ ಪನ್ನೀರು ಗುಲಾಬಿಯ ಬೇಲಿ ಇರುತ್ತಿತ್ತು. ಈಗ ಅಂಗಡಿಯಲ್ಲಿ ಕೋಲಿನ ತುದಿಗೆ ನಿಂತಿರುವ ಗುಲಾಬಿಯಲ್ಲ ಅದು. ತೆಳು ಕೆಂಪಿನ, ಮುಟ್ಟಿದರೆ ಉದುರುವ, ಬಿಸಿಲೇರಿದರೆ ಬಾಡಿಹೋಗುವ ನಾಚಿಕೆಯ ಹೂವು. ಬೆಳಕು ಹರಿಯುವಾಗಲೇ ಕಿತ್ತು ಬುಟ್ಟಿಯಲ್ಲಿ ತಂದು ಸುರಿದರೆ ಹಿತ್ತಲ ಕಲ್ಲುಹಾಸೆಲ್ಲ ಮಂಜಿನ ನೀರಿಗೆ ಒದ್ದೆಯಾಗುತ್ತಿತ್ತು. ದೊಡ್ಡಮ್ಮ ಅದನ್ನು ದೊಡ್ಡ ತಾಮ್ರದ ಹಂಡೆಗೆ ತುಂಬಿ, ಬಾವಿಯ ನೀರು ಹುಯ್ದು, ಮೇಲೆ ಇನ್ನೊಂದು ತಾಮ್ರದ ಪಾತ್ರೆಯನ್ನು ಬೋರಲು ಹಾಕುವಳು. ಆ ಪಾತ್ರೆಯ ಪಕ್ಕದಿಂದ ಹೊರಟ ಬಿದಿರಿನ ಕೊಳವೆ, ಹುರಿ ಸುತ್ತಿ ದಪ್ಪಗಾದದ್ದು, ತಣ್ಣೀರಿನ ಕಲ್ಲುತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿ ಕೂತ ಬಿಂದಿಗೆಗೆ ಇಳಿಯುತ್ತಿತ್ತು. ಹಂಡೆಯ ಹಬೆ ಕೊಳವೆಯಲ್ಲಿ ಹಾದು, ಬಿಂದಿಗೆಯ ತಂಪಿಗೆ ನೀರಾಗುವುದು. ಆ ನೀರೇ ಪನ್ನೀರು. ಕೆಲಸ ಇಷ್ಟೇ. ಆದರೆ ಉರಿ ಜೋರಾದರೆ ಹೂವು ಬೆಂದ ಸೊಪ್ಪಿನ ಸಾರಾಗುತ್ತದೆ, ಸಣ್ಣಗಾದರೆ ಹಬೆ ಏಳುವುದೇ ಇಲ್ಲ. ದೊಡ್ಡಮ್ಮ ಹಂಡೆಯ ಪಕ್ಕ ಕೂತು, ನಮ್ಮ ಜೊತೆ ಮಾತಾಡುತ್ತಲೇ, ಅವರೆಕಾಯಿ ಬಿಡಿಸುತ್ತಲೇ, ಒಂದು ಸೌದೆಯನ್ನು ಒಳಗೆ ತಳ್ಳುವಳು, ಇನ್ನೊಂದನ್ನು ಹಿಂದಕ್ಕೆ ಎಳೆಯುವಳು. ಹಂಡೆಯೊಳಗಿನ ಸದ್ದು ಅವಳ ಕಿವಿಗೆ ಏನು ಹೇಳುತ್ತಿತ್ತೋ ಅವಳಿಗೇ ಗೊತ್ತು.

ಎರಡು ಪಾತ್ರೆ ಕೂಡುವ ಕಡೆ ಹಬೆ ಹೋಗದ ಹಾಗೆ ಮುಚ್ಚಬೇಕಲ್ಲ, ಅದಕ್ಕೆ ರಾಗಿ ಹಿಟ್ಟು. ಬಿಸಿನೀರಿನಲ್ಲಿ ಮುದ್ದೆಗಿಂತ ಗಟ್ಟಿಯಾಗಿ ಕಲೆಸಿ, ಹಗ್ಗದ ಹಾಗೆ ಹೊಸೆದು, ಹಂಡೆಯ ಬಾಯಿಯ ಸುತ್ತ ಇಟ್ಟು, ಹೆಬ್ಬೆರಳಲ್ಲಿ ಒತ್ತಿ ಒತ್ತಿ ಮೆತ್ತುತ್ತಿದ್ದಳು. ಅದಕ್ಕೆ ನಮ್ಮ ಮನೆಯಲ್ಲಿ ಮೆತ್ತು ಎಂದೇ ಹೆಸರು. ಬೇರೆಯವರು ಬಟ್ಟೆ ಸುತ್ತಿ ಜೇಡಿಮಣ್ಣು ಬಳಿಯುತ್ತಿದ್ದರಂತೆ. ಹಾಗೆ ಬಳಿದರೆ ಒಂದು ತೊಟ್ಟೂ ಪೋಲಾಗುವುದಿಲ್ಲ. ರಾಗಿ ಹಾಗಲ್ಲ. ಕಾವಿಗೆ ಒಣಗುತ್ತಾ ಒಣಗುತ್ತಾ ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಸೀಳಿ ಸುಯ್ ಎನ್ನುತ್ತಿತ್ತು. ಕೂಗಿದರೆ ಕೇಳದಷ್ಟು ಉದ್ದದ ಮನೆಯಲ್ಲೂ ಆ ಸೋರಿದ ಹಬೆಯ ಘಮ ಜಗಲಿ ಮುಟ್ಟುತ್ತಿತ್ತು. ಮುಟ್ಟಿದ ಕೂಡಲೇ ನಮ್ಮಜ್ಜಿ, ಅಂದರೆ ದೊಡ್ಡಮ್ಮನ ಅತ್ತೆ, ಎದ್ದು ಬಂದು ಹಿತ್ತಲ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವಳು. "ಮತ್ತೆ ಸೋರಿಸಿದ್ಯೇನೇ ನಂಜೀ? ಇಷ್ಟು ವರ್ಷ ಆಯ್ತು, ನೆಟ್ಟಗೆ ಮೆತ್ತಕ್ಕೆ ಬರಲ್ವಲ್ಲೇ ನಿಂಗೆ!" ದೊಡ್ಡಮ್ಮ ತಲೆಯೆತ್ತದೆ ಏನೋ ಒಂದು ಮಾತು ಹೇಳುವಳು. ಅಜ್ಜಿ ಗೊಣಗುತ್ತಾ ಒಳಗೆ ಹೋಗುವಳು. ದಿನಾ ಕೇಳಿದ ಆ ಒಂದು ಮಾತು ಮಾತ್ರ ನನಗೆ ಮರೆತೇಹೋಗಿತ್ತು.

ಭಟ್ಟಿ ಆರಿದ ಮೇಲೆ ದೊಡ್ಡಮ್ಮ ಮೆತ್ತನ್ನು ಚಾಕುವಿನ ಹಿಂಬದಿಯಿಂದ ಎಬ್ಬಿಸಿ ಕಿತ್ತು ನಮ್ಮ ಕೈಗಳಿಗೆ ಹಾಕುತ್ತಿದ್ದಳು. ಹೊರಗಡೆ ಸುಟ್ಟ ರೊಟ್ಟಿಯ ಹಾಗೆ ಗರಿ, ಒಳಗಡೆ ಗುಲಾಬಿಯ ಹಬೆ ಕುಡಿದು ಮೆತ್ತಗೆ. ಪನ್ನೀರು ನಮಗೆ ಮುಟ್ಟಲೂ ಸಿಗುತ್ತಿರಲಿಲ್ಲ. ಅದು ದೇವಸ್ಥಾನಕ್ಕೆ, ಮದುವೆಮನೆಗೆ. ಎಲ್ಲಕ್ಕಿಂತ ಮಿಗಿಲಾಗಿ ತೊಟ್ಟಿಲಿಗೆ. ನಮ್ಮ ಮನೆಯ, ನಮ್ಮ ಬೀದಿಯ ಯಾವ ಕೂಸನ್ನೂ ದೊಡ್ಡಮ್ಮ ಇಳಿಸಿದ ಪನ್ನೀರು ಚಿಮುಕಿಸದೆ ತೊಟ್ಟಿಲಿಗೆ ಹಾಕಿದ್ದಿಲ್ಲ. ಮುತ್ತೈದೆಯರೆಲ್ಲ ತೊಟ್ಟಿಲ ಸುತ್ತ ನಿಂತು, ಕೂಸನ್ನು ಕೈಯಿಂದ ಕೈಗೆ ದಾಟಿಸಿ, ಪನ್ನೀರುದಾನಿ ಅಲ್ಲಾಡಿಸಿ, ಕಿವಿಯಲ್ಲಿ ಹೆಸರು ಹೇಳುವರು. ದೊಡ್ಡಮ್ಮ ಮಾತ್ರ ಹಿತ್ತಲಲ್ಲೇ ಉಳಿಯುವಳು. ಅವಳಿಗೆ ಮಕ್ಕಳಾಗಿರಲಿಲ್ಲ, ನೋಡಿ. ಯಾರೂ ಬರಬೇಡ ಎಂದು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಬಾ ಎಂದದ್ದನ್ನೂ ಕೇಳಿಲ್ಲ. "ಇಲ್ಲಿ ಉರಿ ಇದೆ, ಬಿಟ್ಟು ಬರಕ್ಕಾಗಲ್ಲ" ಎಂದು ಅವಳೇ ಹೇಳಿಕೊಳ್ಳುವಳು. ಒಳಗೆ ಹಾಡು ಕೇಳುತ್ತಿತ್ತು. ಅವಳು ಆರಿದ ಒಲೆಯ ಮುಂದೆ ಕೂತು ನಮಗೆ ಮೆತ್ತು ಮುರಿದು ಕೊಡುತ್ತಿದ್ದಳು.

ಆ ಮನೆ ಹೇಗೆ ಹೋಯಿತು ಎಂದು ಕೇಳಿದರೆ, ಎಲ್ಲ ಮನೆಗಳೂ ಹೋಗುವ ಹಾಗೆಯೇ ಹೋಯಿತು. ಬಾಟಲಿಯ ಪನ್ನೀರು ಬಂತು, ಗುಲಾಬಿ ಬೇಲಿ ಹೋಗಿ ತಂತಿಬೇಲಿ ಬಂತು. ಹಂಡೆ ಕೆಲವು ಕಾಲ ಸ್ನಾನದ ನೀರು ಕಾಯಿಸಿ ಆಮೇಲೆ ಕಾಣದಾಯಿತು. ನಾನು ಮದುವೆಯಾಗಿ ಬೆಂಗಳೂರು ಸೇರಿದ್ದೆ. ದೊಡ್ಡಮ್ಮ ಹೋದ ಸುದ್ದಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳದೊಂದು ಫೋಟೊ ಇಲ್ಲ. ಮನೆಯವರೆಲ್ಲ ಕೂತು ತೆಗೆಸಿಕೊಂಡ ಒಂದೇ ಒಂದು ಫೋಟೊದಲ್ಲೂ ಅವಳಿಲ್ಲ. ಒಲೆಯ ಮುಂದೆ ಇದ್ದಿರಬೇಕು. ವರ್ಷ ಕಳೆದ ಹಾಗೆ ಮೊದಲು ಅವಳ ಮೂಗು ಹೇಗಿತ್ತು ಎನ್ನುವುದು ಮರೆತುಹೋಯಿತು, ಆಮೇಲೆ ಇಡೀ ಮುಖ, ಆಮೇಲೆ ದನಿ. ಉಳಿದದ್ದು ಆ ಘಮ ಒಂದೇ. ಅದೂ ಹೋಗಿಬಿಟ್ಟರೆ? ಅವಳ ಕೈಯ ಮೆತ್ತು ತಿಂದವರಲ್ಲಿ ಈಗ ಬದುಕಿರುವುದು ನಾನೊಬ್ಬಳೇ. ನಾನು ಮರೆತರೆ ನಂಜಮ್ಮ ಎನ್ನುವವಳು ಈ ಭೂಮಿಯ ಮೇಲೆ ಇದ್ದದ್ದೇ ಸುಳ್ಳಾಗುತ್ತದೆ ಎಂದು ನನಗೆ ಒಳಗೊಳಗೇ ಹೆದರಿಕೆ. ನಾನು ಅಮೆರಿಕಕ್ಕೆ ಬರಲು ಹತ್ತಿದ ವಿಮಾನ ಮೇಲೆದ್ದದ್ದು ನಮ್ಮ ದೇವನಹಳ್ಳಿಯಿಂದಲೇ. ಕಿಟಕಿಯಿಂದ ಬಗ್ಗಿ ನೋಡಿದೆ. ಒಂದು ಬೇಲಿಯೂ ಗುರುತು ಸಿಗಲಿಲ್ಲ.

ನಾನು ಪೊವೇಯಲ್ಲಿ ಸುಧಾಳ ಮನೆಯಲ್ಲಿದ್ದೆ. ಅವಳು ಲಾ ಹೋಯಾದಲ್ಲಿ ಸಮುದ್ರದ ನೀರು ಪರೀಕ್ಷೆ ಮಾಡುವ ಕಡೆ ಕೆಲಸಕ್ಕೆ ಹೋಗುವಳು, ಅಳಿಯ ರಘು ಮನೆಗೆ ಹತ್ತಿರದ ಆಫೀಸಿಗೆ. ಚಿಕ್ಕ ಮಗಳು ವಾಣಿ ಮತ್ತು ಅವಳ ಗಂಡ ಲಾಸ್ ಏಂಜಲೀಸ್ ದಾಟಿ ಮೇಲಕ್ಕೆ, ಸ್ಯಾಂಟಾ ಕ್ಲಾರಿಟಾದಲ್ಲಿ. ವಾಣಿಗೆ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಡಾಕ್ಟರು, ಇಂಜೆಕ್ಷನ್ನು, ಮತ್ತೆ ಡಾಕ್ಟರು. ಯಾರದಾದರೂ ಮನೆಯಲ್ಲಿ ನಾಮಕರಣ ಎಂದರೆ ಅವಳಿಗೆ ಅವತ್ತೇ ಆಫೀಸಿನ ಕೆಲಸ ಬರುತ್ತಿತ್ತು. ನಾನು ಏನೂ ಕೇಳುತ್ತಿರಲಿಲ್ಲ. ಹಿತ್ತಲಲ್ಲಿ ಉಳಿಯುವುದು ಎಂದರೆ ಏನು ಎಂದು ನನಗೆ ಗೊತ್ತಿತ್ತು. ಒಂದು ದಿನ ಫೋನು ಬಂತು.

"ಅಮ್ಮಾ, ಕೂತ್ಕೊಂಡಿದೀಯಾ?"

"ದೋಸೆ ಹುಯ್ತಾ ಇದೀನಿ, ಹೇಳೇ."

"ಗ್ಯಾಸ್ ಆಫ್ ಮಾಡು ಮೊದ್ಲು. ಕೂತ್ಕೋ."

ದೋಸೆ ಸೀದುಹೋಯಿತು. ನಾನು ಆ ಸೀದ ದೋಸೆಯನ್ನೇ ಸಕ್ಕರೆ ಹಾಕಿಕೊಂಡು ತಿಂದೆ. ಟಪಾಲು ಹಾಕಲು ಬಂದ ಹುಡುಗಿಗೆ ಕೈಸನ್ನೆಯಲ್ಲೇ, ಹೊಟ್ಟೆ ತೋರಿಸಿ, ತೊಟ್ಟಿಲು ತೂಗಿ, ಸುದ್ದಿ ಹೇಳಿ ಒಂದು ಡಬ್ಬಿ ಕೊಬ್ಬರಿಮಿಠಾಯಿ ಕೊಟ್ಟೆ. ಅವಳು ನನ್ನನ್ನೇ ಬಸುರಿ ಎಂದುಕೊಂಡಳೋ ಏನೋ, ಕಣ್ಣು ಅರಳಿಸಿ ನೋಡಿದಳು ಎಂದು ಇರಾ ನೆಲದ ಮೇಲೆ ಬಿದ್ದು ನಕ್ಕಳು. ನಗಲಿ. ನನಗೆ ಅವತ್ತು ಯಾರ ನಾಚಿಕೆಯೂ ಇರಲಿಲ್ಲ.

ರಾತ್ರಿ ಊಟದ ಹೊತ್ತಿಗೆ ನಾನು ಹೇಳಿದೆ, ಮನೆಯಲ್ಲಿ ಇಳಿಸಿದ ಪನ್ನೀರಿಲ್ಲದೆ ವಾಣಿಯ ಕೂಸು ತೊಟ್ಟಿಲು ಹತ್ತಬಾರದು ಎಂದು. ಸುಧಾ, "ಇಂಡಿಯನ್ ಸ್ಟೋರಲ್ಲಿ ಬಾಟ್ಲಿ ಸಿಗತ್ತಲ್ಲಮ್ಮ" ಎಂದಳು. "ಅದು ಸೆಂಟು ಹಾಕಿದ ನೀರು ಕಣೇ" ಎಂದೆ. ರಘು ಮೊಸರನ್ನ ಮುಗಿಸಿ ಫೋನಿನಲ್ಲಿ ಏನೋ ಹುಡುಕತೊಡಗಿದರು. ಸ್ವಲ್ಪ ದಿನಕ್ಕೆ ಬಾಗಿಲಿಗೆ ಒಂದು ರಟ್ಟಿನ ಡಬ್ಬ ಬಂತು. ಒಳಗೆ ಈರುಳ್ಳಿ ಆಕಾರದ ಮುಚ್ಚಳ, ಕೊಕ್ಕರೆ ಕತ್ತಿನಂಥ ಕೊಳವೆ, ತಣ್ಣೀರು ತುಂಬುವ ಒಂದು ಬಟ್ಟಲು, ಮುಚ್ಚಳದ ಸಂದಿಗೆ ಹಾಕಲು ಕರಿಯ ರಬ್ಬರಿನ ಉಂಗುರ. ಬೊಂಬೆ ಆಟದ ಭಟ್ಟಿ!

"ಅತ್ತೆ, ಹೂವು ಮಾತ್ರ ಹಾಕ್ಬೇಕು ನೀವು" ಎಂದರು ರಘು. "ದ್ರಾಕ್ಷಿ ಗೀಕ್ಷಿ ಹಾಕಿದ್ರೆ ಪೊಲೀಸ್ರು ಬಂದು ನನ್ನ ಕರ್ಕೊಂಡು ಹೋಗ್ತಾರೆ."

"ಬರ್ಲಿ ಬಿಡಿ, ಅವರಿಗೂ ಒಂದು ಲೋಟ ಕೊಟ್ಟು ಕಳಿಸೋಣ" ಎಂದೆ.

ನಾನು ಅಕ್ಷರ ಕಲಿತದ್ದು ನಾಲ್ಕನೇ ಕ್ಲಾಸಿನವರೆಗೆ. ಭಟ್ಟಿ ಇಳಿಸುವುದನ್ನು ಕಲಿತದ್ದು ಅದಕ್ಕಿಂತ ಕಡಿಮೆ, ಬರೀ ನೋಡಿದ್ದಷ್ಟೇ. ಇರಾ ಫೋನಿನಲ್ಲಿ ಯಾವುದೋ ದೇಶದ ಹೆಂಗಸೊಬ್ಬಳು ಮಾಡಿ ತೋರಿಸುವುದನ್ನು ಹಾಕಿ, ಅರ್ಧ ಇಂಗ್ಲಿಷಿನಲ್ಲಿ ಅರ್ಧ ಕೈಸನ್ನೆಯಲ್ಲಿ ನನಗೆ ತಿಳಿಸುವಳು. ಮೊದಲ ಸಲ ಸೂಪರ್ ಮಾರ್ಕೆಟ್ಟಿನ ಗುಲಾಬಿ ತಂದೆವು. ಇಳಿದ ನೀರಿಗೆ ಹಸಿ ಬೀನ್ಸ್ ವಾಸನೆ. ಆಮೇಲೆ ಉರಿ ಹೆಚ್ಚಾಯಿತು. ಆಮೇಲೆ ಬಟ್ಟಲಿನ ನೀರು ಬಿಸಿಯಾದದ್ದು ನೋಡದೆ ಹಬೆಯೆಲ್ಲ ಹಬೆಯಾಗಿಯೇ ಹೊರಟುಹೋಯಿತು. ಹಂಡೆಯ ಸದ್ದು ದೊಡ್ಡದು. ಈ ಪುಟ್ಟ ಭಟ್ಟಿ ಬೆಕ್ಕಿನ ಹಾಗೆ ಗುರುಗುಟ್ಟುತ್ತದೆ. ಅದಕ್ಕೆ ಕಿವಿ ಹೊಂದಿಸಲು ನನಗೂ ಇರಾಗೂ ಒಂದು ಬೇಸಿಗೆ ರಜೆ ಪೂರ್ತಿ ಹಿಡಿಯಿತು. ಕೊನೆಗೆ ಅವಳೇ, "ಅಜ್ಜಿ, ಟೂ ಫಾಸ್ಟ್, ಕೇಳು" ಎಂದು ಉರಿ ತಗ್ಗಿಸುವಷ್ಟಾದಳು. ಆಗ ಸುಧಾ ಲಾ ಹೋಯಾದಿಂದ, ಜೊತೆಯಲ್ಲಿ ಕೆಲಸ ಮಾಡುವವರ ತೋಟದ ಗುಲಾಬಿ ಒಂದು ಚೀಲ ತಂದಳು. ಒಳ್ಳೆ ಘಮದ ಹೂವು. ತೊಟ್ಟು ತೊಟ್ಟಾಗಿ ಇಳಿದ ನೀರನ್ನು ಸುಧಾ ಕೆನ್ನೆಗೆ ಹಚ್ಚಿಕೊಂಡಳು, ಇರಾ ಕತ್ತಿಗೆ ಹಚ್ಚಿಕೊಂಡಳು, ರಘು ಆಫೀಸಿನ ಶರ್ಟಿಗೆ ಹಚ್ಚಿಕೊಂಡರು. ನಾನು ಅಂಗೈಗೆ ಹಾಕಿ ಮೂಸಿದೆ. ತಪ್ಪೇನೂ ಇರಲಿಲ್ಲ. ಆದರೆ ಅದು ದೊಡ್ಡಮ್ಮನದಲ್ಲ. "ಇದಲ್ಲ" ಎಂದೆ. ಸುಧಾ, "ಅಮ್ಮಾ, ಇದಕ್ಕಿಂತ ಪನ್ನೀರು ಇನ್ನೇನಿರತ್ತೆ?" ಎಂದು ಬೇಸರಪಟ್ಟಳು. ನನ್ನ ಬೇಸರ ಅದಕ್ಕಿಂತ ದೊಡ್ಡದು. ಮೂಗಿಗೂ ಮರೆವು ಬಂತೇನೋ, ಇನ್ನು ಉಳಿದದ್ದೇನು ಎಂದು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಹೂವಿನದೇ ತಪ್ಪಿರಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ವಾಣಿಯ ಬಾಡಿಗೆ ಮನೆಯ ಹಿಂದೆ, ಹಿಂದಿದ್ದವರು ಯಾರೋ ನೆಟ್ಟ ಒಂದು ಗುಲಾಬಿ ಬೇಲಿ ಇತ್ತು. ತೆಳು ಕೆಂಪು, ಮುಟ್ಟಿದರೆ ಉದುರುವುದು. ನಮ್ಮ ಪನ್ನೀರು ಗುಲಾಬಿಯೇ ಎಂದು ಆಣೆ ಹಾಕಲಾರೆ, ಅದರ ತಂಗಿ ಇದ್ದೀತು. ವಾಣಿ ಸೀಮಂತಕ್ಕೆ ಪೊವೇಗೆ ಬರುವಾಗ ಒಂದು ಚೀಲ ಕಿತ್ತು ತಂದಳು. ಲಾಸ್ ಏಂಜಲೀಸ್ ದಾಟುವಾಗ ಮುಂದೆ ಎಲ್ಲೋ ಆಕ್ಸಿಡೆಂಟಾಗಿ ಕಾರುಗಳೆಲ್ಲ ನಿಂತುಬಿಟ್ಟವಂತೆ. ಚೀಲ ಬಿಚ್ಚಿದರೆ ಬಿಸಿ ಬಿಸಿ, ಕಂದು ಬಣ್ಣ, ಗೊಬ್ಬರದ ವಾಸನೆ. ವಾಣಿ ತುಂಬಿದ ಹೊಟ್ಟೆ ಹಿಡಿದುಕೊಂಡು ನಗುತ್ತಾ ಅತ್ತಳು, ಅಳುತ್ತಾ ನಕ್ಕಳು. ನಾನು ಅವಳ ತಲೆ ಸವರಿ ಹೇಳಿದೆ: "ಹೂವು ಭಟ್ಟಿ ಹತ್ರ ಬರಲ್ಲ ಬಿಡು. ಭಟ್ಟೀನೇ ಹೂವಿನ ಹತ್ರ ಬರತ್ತೆ."

ಚಳಿಗಾಲದಲ್ಲಿ ಹೆಣ್ಣು ಕೂಸು ಹುಟ್ಟಿತು. ಬಾಣಂತನಕ್ಕೆ ಹೋದ ನನ್ನ ಮಡಿಲಿಗೆ ನರ್ಸು ಅದನ್ನು ಸುತ್ತಿ ಇಟ್ಟಳು. ಗುಲಾಬಿ ಬೇಲಿ ಮತ್ತೆ ಮೊಗ್ಗು ಹಿಡಿದ ಮೇಲೆ ತೊಟ್ಟಿಲ ಶಾಸ್ತ್ರ ಇಟ್ಟುಕೊಂಡೆವು. ಸುಧಾ, ರಘು, ಇರಾ ಹಿಂದಿನ ಸಂಜೆ ಭಟ್ಟಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿ ಕೂರಿಸಿಕೊಂಡು ಬಂದರು. ಬೆಳಗ್ಗೆ ನಾನೂ ಇರಾನೂ ಮಂಜು ಆರುವ ಮುಂಚೆ ಹೂವು ಕಿತ್ತೆವು. ಪಕ್ಕದ ಬೀದಿಯ ಗಿರಿಜಾ ಆಗಲೇ ಬಂದು ಸಾರಿಗೆ ಬೇಳೆ ಇಟ್ಟಿದ್ದಳು. ಹುಬ್ಬಳ್ಳಿಯವಳು, ವಾಣಿ ಬಸುರಿಯಾದಾಗಿನಿಂದ ದಿನಾ ಒಂದಲ್ಲ ಒಂದು ಡಬ್ಬಿ ತಂದು ಉಣಿಸಿದವಳು. ಹೂವು ತುಂಬಿ, ನೀರು ಹಾಕಿ, ಮುಚ್ಚಳ ಎತ್ತಿಕೊಂಡಾಗ ಗೊತ್ತಾಯಿತು: ರಬ್ಬರಿನ ಉಂಗುರವಿಲ್ಲ. ತೊಳೆದು ಒಣಗಲು ಇಟ್ಟದ್ದು ಪೊವೇಯ ಅಡುಗೆಮನೆಯಲ್ಲೇ ಕೂತಿದೆ. ಇಬ್ಬರೂ ಮಕ್ಕಳು ನನ್ನ ಮುಖ ನೋಡಿದರು. ಇನ್ನು ಸ್ವಲ್ಪ ಹೊತ್ತಿಗೆ ಜನ ಬರುತ್ತಾರೆ, ಹೂವು ಆಗಲೇ ಬಾಡುತ್ತಿದೆ.

"ಟೇಪ್ ಸುತ್ತೋಣ್ವಾ ಅತ್ತೆ?" ಎಂದರು ರಘು.

"ಟೇಪ್ ವಾಸ್ನೆ ಕೂಸಿನ ಮೇಲೆ ಚಿಮುಕಿಸ್ತೀರಾ?" ಎಂದೆ. "ವಾಣೀ, ಕೂಸಿಗೆ ರಾಗಿ ಸರಿ ಮಾಡೋ ಹಿಟ್ಟು ಎಲ್ಲಿಟ್ಟಿದೀಯೇ?"

ಬಿಸಿನೀರು ಹಾಕಿ ಕಲೆಸಿದೆ. ಹೊಸೆದೆ. ನನ್ನ ತಲೆಗೆ ನೆನಪಿದ್ದದ್ದಕ್ಕಿಂತ ನನ್ನ ಕೈಗೆ ಚೆನ್ನಾಗಿ ನೆನಪಿತ್ತು. ಒಲೆ ಹಚ್ಚಿದೆವು. ತಾಮ್ರದ ವಾಸನೆ ಬಂತು, ಭಟ್ಟಿ ಗುರುಗುಟ್ಟಿತು, ಇರಾ ಉರಿ ತಗ್ಗಿಸಿದಳು, ಮೊದಲ ತೊಟ್ಟು ಗಾಜಿನ ಸೀಸೆಗೆ ಟಪ್ ಎಂದು ಬಿತ್ತು. ಎಲ್ಲ ಹಿಂದಿನ ಹಾಗೆಯೇ. ಆಮೇಲೆ ಮೆತ್ತು ಒಣಗುತ್ತಾ ಬಂದು, ನನ್ನ ಕಡೆಗೆ ಒಂದು ಎಳೆ ಬಿರಿದು, ಸುಯ್ ಎಂದಿತು.

ಬಂತು.

ಅದೇ. ಸುಟ್ಟ ರಾಗಿ, ಅದರ ಬೆನ್ನಿಗೆ ಗುಲಾಬಿ. ಹೊಗೆಯೂ ಹೌದು, ಹೂವೂ ಹೌದು. ಅಡುಗೆಮನೆ ತುಂಬಿತು, ನಡುಮನೆ ತುಂಬಿತು, ಮಹಡಿಯಲ್ಲಿ ಮಗುವಿಗೆ ಬಟ್ಟೆ ಹಾಕುತ್ತಿದ್ದವರು ಇಣುಕಿದರು. "ಏನ್ರ್ಯವ್ವಾ ಇದು, ಇಷ್ಟು ಛಲೋ ವಾಸನಿ!" ಎಂದಳು ಗಿರಿಜಾ. ನಾನು ಒಲೆಯ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಇಷ್ಟು ದಿನ ನಾನು ಸೀಸೆಯೊಳಗೆ ಹುಡುಕಿದ್ದೆ. ಆ ಪನ್ನೀರು ನಮ್ಮ ಕೈಗೆ ಯಾವತ್ತೂ ಸಿಕ್ಕೇ ಇರಲಿಲ್ಲವಲ್ಲ! ನಾವು ಮಕ್ಕಳು ಕುಡಿದದ್ದು, ಉಂಡದ್ದು, ಬಟ್ಟೆಯಲ್ಲಿ ತಲೆಗೂದಲಲ್ಲಿ ಹೊತ್ತು ತಿರುಗಿದ್ದು ಸಂದಿಯಿಂದ ಸೋರಿದ್ದನ್ನು. ರಬ್ಬರಿನ ಉಂಗುರ ಬಿಗಿಯಾಗಿ ಕೂತು ಒಂದಿಷ್ಟೂ ಸೋರಲು ಬಿಟ್ಟಿರಲಿಲ್ಲ. ಸೀಸೆ ತುಂಬಿ ಒಲೆ ಆರಿಸಿದ ಮೇಲೆ ಇರಾ ತುದಿಗಾಲಲ್ಲಿ ನಿಂತು, ಭಟ್ಟಿಯಿಂದ ಒಂದು ಚೂರು ಮೆತ್ತನ್ನು ಉಗುರಿನಲ್ಲಿ ಎಬ್ಬಿಸಿ, ಯಾರೂ ಹೇಳಿಕೊಡದೆ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಅಗಿದಳು. "ಅಜ್ಜಿ, ಇನ್ನೂ ಬೇಕು" ಎಂದು ಕೈ ಚಾಚಿದಳು. ಆ ಚಾಚಿದ ಪುಟ್ಟ ಅಂಗೈ ನೋಡಿದ್ದೇ ತಡ, ಎಷ್ಟೋ ವರ್ಷಗಳಿಂದ ಬಾರದಿದ್ದ ದನಿ, ಸ್ವಲ್ಪ ಗೊಗ್ಗರು, ತಲೆಯೆತ್ತದೆ ಹೇಳಿದ ಮಾತು, ಕಿವಿಯ ಪಕ್ಕದಲ್ಲೇ ಬಂತು: "ಮಕ್ಳು ಕುಂತವೆ ಅತ್ತೆ. ಅವಕ್ಕೂ ಒಂದಿಷ್ಟು ಬರ್ಲಿ." ದನಿಯ ಹಿಂದೆ ಕೈ ಬಂತು. ಹಂಡೆಯ ಸುತ್ತ ಒತ್ತಿಕೊಂಡು ಬರುತ್ತಿದ್ದ ಆ ಹೆಬ್ಬೆರಳು, ನಾವು ಕೂತ ಕಡೆಗೆ ಬಂದಾಗ ಹಗುರವಾಗುತ್ತಿತ್ತು. ಮೆತ್ತಲು ಬಾರದವಳಲ್ಲ ನಮ್ಮ ದೊಡ್ಡಮ್ಮ.

ಜನ ಬಂದರು. ನಡುಮನೆಯಲ್ಲಿ ತೊಟ್ಟಿಲು, ಹೂವಿನ ಸರ, ಜರತಾರಿ ಸೀರೆಗಳು. ಎಲ್ಲರೂ ತೊಟ್ಟಿಲ ಸುತ್ತ ಸೇರುತ್ತಿದ್ದಾಗ ನಾನು ಪನ್ನೀರಿಗಾಗಿ ಅಡುಗೆಮನೆಗೆ ಬಂದೆ. ಗಿರಿಜಾ ಒಲೆಯ ಮುಂದೆ ನಿಂತಿದ್ದಳು. ಭಟ್ಟಿ ಆಗಲೇ ಆರಿತ್ತು. ಅವಳು ಅದನ್ನು ಒರೆಸುತ್ತಿದ್ದಳು, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು.

"ಬಾರಮ್ಮ, ಕೂಸನ್ನ ತೊಟ್ಟಿಲಿಗೆ ಹಾಕ್ತಾರೆ" ಎಂದೆ.

"ನೀವು ಹೋಗ್ರಿ ಅಮ್ಮಾರ. ನಾ ಇಲ್ಲೇ ಒಲಿ ನೋಡ್ಕೋತ ನಿಂದರ್ತೀನಿ."

"ಒಲೆ ಆರಿದೆಯಲ್ಲ ತಾಯಿ?"

ಅವಳು ನನ್ನ ಕಡೆ ತಿರುಗಲಿಲ್ಲ. "ನಮಗ ಮಕ್ಕಳಿಲ್ಲರೀ" ಎಂದಳು, ಬಟ್ಟೆ ಹಿಂಡುತ್ತಾ. "ಅಲ್ಲಿ ಯಾರರ ಏನರ ಅನ್ಕೊಂಡಾರು. ವಾಣಿ ಕೂಸು ನೂರು ವರ್ಷ ಬದುಕ್ಲಿ. ನಾ ಇಲ್ಲಿಂದನ ಹರಸ್ತೀನಿ."

ನಾನು ಬೆಚ್ಚಗಿದ್ದ ಪನ್ನೀರಿನ ಸೀಸೆಯನ್ನು ಅವಳ ಒದ್ದೆ ಕೈಯಲ್ಲಿಟ್ಟು, ಮಣಿಕಟ್ಟು ಹಿಡಿದು ನಡುಮನೆಗೆ ಎಳೆದುಕೊಂಡು ಬಂದೆ. ಸುತ್ತ ನಿಂತವರು ಏನಂದುಕೊಂಡರೋ ನಾನು ನೋಡಲಿಲ್ಲ. ನಾನು ವಾಣಿಯ ಮುಖ ನೋಡುತ್ತಿದ್ದೆ. ವಾಣಿ ತಾನೇ ಎದ್ದು ಬಂದು, ಕೂಸನ್ನು ಎಲ್ಲರಿಗಿಂತ ಮೊದಲು ಗಿರಿಜಾಳ ತೋಳಿಗೆ ಇಟ್ಟಳು. "ಆಂಟಿ, ನೀವೇ ಹಾಕಿ" ಎಂದಳು. ಗಿರಿಜಾ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ, ಬೆರಳದ್ದಿ ಪನ್ನೀರು ಚಿಮುಕಿಸಿದಳು. ಒಂದು ಹನಿ ಕೂಸಿನ ಮೂಗಿನ ಮೇಲೆ ಬಿದ್ದು ಅದು ಸೀನಿತು. ಎಲ್ಲರೂ ನಕ್ಕರು. ಕಿವಿಯಲ್ಲಿ ಸಿರಿ ಎಂದು ಹೆಸರು ಹೇಳಿದೆವು. ಎಲ್ಲರದೂ ಆದ ಮೇಲೆ ನಾನು ಬಗ್ಗಿ, ಅದೇ ಕಿವಿಯಲ್ಲಿ ಮೆಲ್ಲಗೆ, ನಂಜಮ್ಮ ಅಂತ ಒಬ್ಬಳಿದ್ದಳು ಕಂದ ಎಂದೆ.

ಈಗ ವಾಣಿಯ ಆ ಬಾಡಿಗೆ ಮನೆಯೂ ಇಲ್ಲ. ಅಂದರೆ ಇದೆ, ನಮ್ಮದಲ್ಲ. ವಾಣಿಯವರು ಕೆಲಸ ಬದಲಿಸಿ ಸ್ಯಾನ್ ಡಿಯಾಗೊ ಕಡೆಗೇ ಬಂದರು. ಗಿರಿಜಾ ಗಂಡನ ಕೆಲಸದ ಹಿಂದೆ ಟೆಕ್ಸಾಸಿಗೆ ಹೋದಳು. ಭಾನುವಾರ ಫೋನು ಮಾಡಿ, ಮೊದಲು ನನ್ನ ಮಾತಾಡಿಸದೆ, ಕೂಸಿಗೆ ಫೋನು ಕೊಡ್ರಿ ಎನ್ನುತ್ತಾಳೆ. ಒಮ್ಮೆ ಆ ಮನೆಯ ದಾರಿಯಲ್ಲಿ ಹೋಗುವಾಗ ಆಸೆಯಿಂದ ಕಾರು ನಿಲ್ಲಿಸಿ ನೋಡಿದೆವು. ಮಳೆಯಿಲ್ಲದ ವರ್ಷಗಳಲ್ಲಿ ಅಲ್ಲಿಗೆ ಬಂದವರು ನೀರು ಉಳಿಸಲು ಹಿತ್ತಲಿಗೆಲ್ಲ ಜಲ್ಲಿ ಸುರಿಸಿದ್ದಾರೆ. ಬೇಲಿ ಇದ್ದ ಕಡೆ ಒಂದು ಕಳ್ಳಿಗಿಡ, ಪಕ್ಕದಲ್ಲಿ ಎರಡು ಕುರ್ಚಿ. ತಪ್ಪೇನಿದೆ, ಅವರಿಗೇನು ಗೊತ್ತು. ದೇವನಹಳ್ಳಿಯ ಹಿತ್ತಲು, ಸ್ಯಾಂಟಾ ಕ್ಲಾರಿಟಾದ ಹಿತ್ತಲು ಎರಡೂ ಈಗ ನನ್ನೊಳಗೆ ಒಂದೇ ಹಿತ್ತಲಾಗಿವೆ. ಕೆಲವು ಸಲ ಕಲ್ಲುತೊಟ್ಟಿಯ ಪಕ್ಕದಲ್ಲಿ ಗಿರಿಜಾ ಬೇಳೆ ತೊಳೆಯುತ್ತಾಳೆ, ಇರಾ ದೊಡ್ಡಮ್ಮನ ಮುಂದೆ ಕೈ ಚಾಚಿರುತ್ತಾಳೆ. ದೊಡ್ಡಮ್ಮನ ಮುಖ ಇವತ್ತಿಗೂ ನೆನಪಾಗಿಲ್ಲ. ಆದರೆ ಅದಕ್ಕಾಗಿ ಈಗ ನನಗೆ ಹೆದರಿಕೆಯಿಲ್ಲ.

ಇರಾ ದೊಡ್ಡವಳಾಗಿದ್ದಾಳೆ, ಕಾರು ಓಡಿಸಲು ಕಲಿಯುತ್ತಿದ್ದಾಳೆ. ಈಗ ಸ್ಟೂಲು ಎಳೆದುಕೊಂಡು ಒಲೆಯ ಪಕ್ಕ ಹತ್ತಿ ಕೂರುವುದು ಸಿರಿ. ಗುಲಾಬಿ ಸಿಕ್ಕಾಗಲೆಲ್ಲ ಭಟ್ಟಿ ಇಡುತ್ತೇವೆ; ಸಿಗದಿದ್ದರೆ ಕಿತ್ತಳೆ ಹೂವು, ಅದೂ ಇಲ್ಲದಿದ್ದರೆ ಹಿತ್ತಲ ಪುದೀನ. ರಬ್ಬರಿನ ಉಂಗುರ ಚಮಚಗಳ ಡ್ರಾಯರಿನಲ್ಲಿ ಹೊಸದರ ಹಾಗೆಯೇ ಇದೆ. ನಾನು ರಾಗಿ ಹಿಟ್ಟು ಕಲೆಸುತ್ತೇನೆ, ಹೊಸೆಯುತ್ತೇನೆ, ಭಟ್ಟಿಯ ಬಾಯಿಯ ಸುತ್ತ ಇಟ್ಟು ಒತ್ತುತ್ತಾ ಬರುತ್ತೇನೆ. ಸಿರಿ ಕೂತ ಕಡೆಗೆ ಬಂದಾಗ ನನ್ನ ಹೆಬ್ಬೆರಳು ತಾನಾಗಿಯೇ ಹಗುರವಾಗುತ್ತದೆ.